ನಕ್ಷೆಯಲ್ಲಿಲ್ಲದ ಮಕ್ಕಳು ಶಾಲೆಗೆ ಬರುತ್ತಿರುವ ಬಗ್ಗೆ

ಕಟ್ಟಡ ಮತ್ತು ಕಲಿಕಾ ಪರಿಸರ ಇಲಾಖೆ
(ಅಂದಗೊಳಿಸುವ ವಿಭಾಗ)

ಸಂಖ್ಯೆ: ಕಕಪ/ಅಂವಿ/ನಕ್ಷೆ-ಮಕ್ಕಳು/ಸುತ್ತೋಲೆ-7
(ಹಿಂದಿನ ಆರು ಸುತ್ತೋಲೆಗಳನ್ನು ಯಾರೂ ಓದಿಲ್ಲವೆಂದು ತಿಳಿದುಬಂದಿರುವುದರಿಂದ, ಅವುಗಳನ್ನೂ ಒಳಗೊಂಡಂತೆ)

ವಿಷಯ: ಹೊಸ ಶಾಲಾ ಕಟ್ಟಡವು ಅನುಮೋದಿತ ನಕ್ಷೆಯಂತೆಯೇ ಇದ್ದರೂ ಅದರಲ್ಲಿನ ಮಕ್ಕಳು ನಕ್ಷೆಯಂತೆ ಇಲ್ಲದಿರುವುದು, ಹಾಗೂ ಮೂರನೇ ತರಗತಿಯ ಓರ್ವ ವಿದ್ಯಾರ್ಥಿನಿಯು ಗಾಲಿಕುರ್ಚಿಯಲ್ಲಿ ಕುಳಿತು ತನ್ನ ತರಗತಿಯೊಳಗೆ ಹೋಗಬಹುದೇ ಎಂಬುದನ್ನು ನಿರ್ಧರಿಸುವ ಕುರಿತು.

ಉಲ್ಲೇಖ:
1) ಅನುಮೋದಿತ ಬಣ್ಣದ ನಕ್ಷೆ (ಕಟ್ಟಡವು ಮುಂದಿನಿಂದ ಹೇಗೆ ಕಾಣಬೇಕೆಂದು ಬಿಡಿಸಿದ ಚಿತ್ರ; ಚೌಕಟ್ಟು ಹಾಕಿಸಿ ನಿರ್ದೇಶಕರ ಕೊಠಡಿಯಲ್ಲಿ ತೂಗುಹಾಕಿರುವುದು).
2) ಮುಖ್ಯೋಪಾಧ್ಯಾಯಿನಿಯವರ ಮನವಿ, ನೆನಪೋಲೆ, ಮರುನೆನಪೋಲೆ ಹಾಗೂ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದ್ದ ಅಂಚೆ ಕಾರ್ಡು.
3) ಸದರಿ ವಿದ್ಯಾರ್ಥಿನಿಯ ತಂದೆ, ಸೈಕಲ್ ರಿಪೇರಿಯವರು, ಈ ಕಚೇರಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಆಡಿದ ಮಾತುಗಳು.

ಪ್ರಸ್ತಾವನೆ

ಇಲಾಖೆಯು ಹಳೆಯ ಶಾಲೆಯನ್ನು ಕೆಡವಿ, ಅದೇ ಜಾಗದಲ್ಲಿ ಮಕ್ಕಳ ಮನಸ್ಸು ಅರಳುವಂತಹ ಹೊಸ ಕಟ್ಟಡವೊಂದನ್ನು ಕಟ್ಟಿಸಿರುವುದು ಸರಿಯಷ್ಟೆ. ಹಳೆಯ ಕಟ್ಟಡದಲ್ಲಿ ಮಳೆ ಬಂದರೆ ಬಕೆಟ್ ಇಡಬೇಕಾಗಿತ್ತು. ಗೋಡೆಗೆ ಒರಗಿದರೆ ಬೆನ್ನಿಗೆ ಸುಣ್ಣ ಮೆತ್ತಿಕೊಳ್ಳುತ್ತಿತ್ತು. ಆದರೆ ಅದರ ಬಾಗಿಲುಗಳು ನೆಲದ ಮಟ್ಟದಲ್ಲೇ ಇದ್ದುದರಿಂದ ಸದರಿ ವಿದ್ಯಾರ್ಥಿನಿಯು ತನ್ನ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು, ಯಾರ ಅನುಮತಿಯನ್ನೂ ಪಡೆಯದೆ ಒಳಗೆ ಹೋಗುತ್ತಿದ್ದಳೆಂದು ತಿಳಿದುಬಂದಿದೆ.

ಹೊಸ ಕಟ್ಟಡವು ನೋಡಲು ಗಂಭೀರವಾಗಿರಲೆಂದು ಅದನ್ನು ನೆಲದಿಂದ ಎತ್ತರಿಸಿ, ಮುಂಭಾಗದ ಉದ್ದಕ್ಕೂ 'ಕಲಿಕಾ ಮೆಟ್ಟಿಲು' ಎಂಬ ಹೆಸರಿನ ಮೂರು ಅಗಲವಾದ ಮೆಟ್ಟಿಲುಗಳನ್ನು ಒದಗಿಸಲಾಗಿದೆ. ಅಂದಿನಿಂದ ತಂದೆಯವರು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು ಮಗಳನ್ನೂ ಕುರ್ಚಿಯನ್ನೂ ಎತ್ತಿ ಮೇಲಿಡುತ್ತಿದ್ದಾರೆ. ಸಂಜೆ ಬಂದು ಇಳಿಸುತ್ತಿದ್ದಾರೆ. ಶೌಚಾಲಯವು ಅಂಗಳದ ಆಚೆ ಇರುವುದರಿಂದ ಆ ಹುಡುಗಿ ಸಂಜೆಯವರೆಗೆ ನೀರು ಕುಡಿಯುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿಯವರು ತಿಳಿಸಿದ್ದಾರೆ. ನೀರಿನ ಉಳಿತಾಯವಾಗುತ್ತಿರುವುದನ್ನು ಇಲಾಖೆಯು ಮೆಚ್ಚುಗೆಯಿಂದ ಗಮನಿಸಿದೆ.

ಈ ನಡುವೆ ಪೂರ್ಣತಾ ಪ್ರಮಾಣಪತ್ರ ನೀಡುವ ಸಲುವಾಗಿ ತಪಾಸಣಾಧಿಕಾರಿಯವರು ನಕ್ಷೆಯ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಸ್ಥಳಕ್ಕೆ ಹೋಗಿ, ಅದರಲ್ಲಿರುವ ಒಂದೊಂದನ್ನೂ ಕಟ್ಟಡದೊಂದಿಗೆ ತಾಳೆ ನೋಡಿದ್ದಾರೆ. ಗೋಡೆ ಇದೆ. ಬಾಗಿಲು ಇದೆ. ಕಂಬಗಳಿವೆ. ಆದರೆ ನಕ್ಷೆಯಲ್ಲಿ ಬಲೂನು ಹಿಡಿದ ಹುಡುಗಿಯೂ ಸೇರಿ ಹನ್ನೊಂದು ಮಕ್ಕಳಿದ್ದು, ಸ್ಥಳದಲ್ಲಿ ಬೇರೆ ಮಕ್ಕಳಿರುವುದು ಕಂಡುಬಂದಿದೆ. ಇಲಾಖೆಯ ಮೊಹರು ನಕ್ಷೆಯ ನಟ್ಟನಡುವೆ, ಮೂವರು ಮಕ್ಕಳ ತಲೆಯ ಮೇಲೆಯೇ ಬಿದ್ದಿರುವುದರಿಂದ ಆ ಮಕ್ಕಳೂ ಅನುಮೋದಿತ ಕಾಮಗಾರಿಯ ಭಾಗವೆಂದು ಅವರು ಸರಿಯಾಗಿಯೇ ವರದಿ ಮಾಡಿದ್ದಾರೆ.

ಈ ಬಗ್ಗೆ ನಕ್ಷೆಗಾರರಿಂದ ವಿವರಣೆ ಕೇಳಲಾಗಿತ್ತು. ಅವರ ವಿವರಣೆ ಹೀಗಿದೆ: "ಸಾರ್, ಅವೆಲ್ಲ ಚೆಂದ ಕಾಣ್ಲಿ ಅಂತ ಅಂಟಿಸೋ ಗೊಂಬೆಗಳು. ಬಾಗಿಲು ಎಷ್ಟು ಎತ್ತರ ಇದೆ ಅಂತ ನೋಡೋರಿಗೆ ಗೊತ್ತಾಗ್ಬೇಕಲ್ಲ, ಅದಕ್ಕೆ. ಎಲ್ಲಾ ನಕ್ಷೆಗೂ ಅವನ್ನೇ ಹಾಕ್ತೀವಿ. ಹೋದ ವರ್ಷ ಬಸ್ ನಿಲ್ದಾಣದ ನಕ್ಷೆಗೂ ಅದೇ ಬಲೂನು ಹುಡುಗೀನೇ ಹಾಕಿದ್ದು." ಸದರಿ ವಿವರಣೆಯು ತೃಪ್ತಿಕರವಾಗಿಲ್ಲ. ಬಲೂನು ಹುಡುಗಿಯು ಬಸ್ ನಿಲ್ದಾಣಕ್ಕೆ ವರದಿ ಮಾಡಿಕೊಂಡಿದ್ದಾಳೆಯೇ ಎಂದು ಆ ನಿಲ್ದಾಣದ ವ್ಯವಸ್ಥಾಪಕರಿಗೆ ಪ್ರತ್ಯೇಕವಾಗಿ ಬರೆಯಲಾಗಿದೆ.

ಮೇಲಿನ ಎಲ್ಲಾ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕಟ್ಟಡವನ್ನು ಬದಲಿಸುವುದಕ್ಕಿಂತ ಮಕ್ಕಳನ್ನು ಬದಲಿಸುವುದು ಸುಲಭವೆಂಬ ತೀರ್ಮಾನಕ್ಕೆ ಬರಲಾಗಿ, ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

ಸೂಚನೆಗಳು

1. ಶಾಲೆಯ ಮಕ್ಕಳಲ್ಲಿ ಹನ್ನೊಂದು ಮಂದಿಯನ್ನು 'ನಕ್ಷೆಯ ಮಕ್ಕಳು' ಎಂದು ಗುರುತಿಸತಕ್ಕದ್ದು. ಉಳಿದವರನ್ನು 'ಹೆಚ್ಚುವರಿ ಮಕ್ಕಳು' ಎಂದು ಪರಿಗಣಿಸತಕ್ಕದ್ದು. ಹೆಚ್ಚುವರಿ ಮಕ್ಕಳು ಶಾಲೆಗೆ ಬರುವುದಕ್ಕೆ ಇಲಾಖೆಯ ಆಕ್ಷೇಪವಿರುವುದಿಲ್ಲ; ಕಾಣಿಸಿಕೊಳ್ಳಬಾರದು, ಅಷ್ಟೆ. ನಕ್ಷೆಯಲ್ಲಿ ಕಿಟಕಿಗಳ ಒಳಗೆ ತಿಳಿನೀಲಿ ಬಣ್ಣ ಬಿಟ್ಟು ಬೇರೇನೂ ಇಲ್ಲದ ಕಾರಣ, ಅವರು ಕಿಟಕಿಯ ಮಟ್ಟಕ್ಕಿಂತ ಕೆಳಗೆ ಕುಳಿತು ವಿದ್ಯಾಭ್ಯಾಸ ಮಾಡುವಂತೆ ಈ ಮೂಲಕ ಸೂಚಿಸಲಾಗಿದೆ.

2. ಕಟ್ಟಡದ ಎಡಭಾಗದಲ್ಲಿ ಓರ್ವ ಬಾಲಕಿಯು ಕೆಂಪು ಬಲೂನು ಹಿಡಿದು ಸದಾ ಓಡುತ್ತಿರತಕ್ಕದ್ದು. ನಕ್ಷೆಯಲ್ಲಿ ಆಕೆಯ ಎರಡೂ ಪಾದಗಳು ನೆಲದಿಂದ ಮೇಲಿರುವುದರಿಂದ, ತಪಾಸಣೆಯ ಸಮಯದಲ್ಲಿ ಪಾದಗಳು ನೆಲ ಮುಟ್ಟದಂತೆ ನೋಡಿಕೊಳ್ಳುವ ಹೊಣೆ ದೈಹಿಕ ಶಿಕ್ಷಕರದ್ದಾಗಿರುತ್ತದೆ. ಬಲೂನು ಒಡೆದಲ್ಲಿ ಒಡೆದ ಚೂರುಗಳನ್ನು ಲಕೋಟೆಯಲ್ಲಿಟ್ಟು, ಒಡೆಯಲು ಕಾರಣವಾದ ಸನ್ನಿವೇಶವನ್ನು ವಿವರಿಸಿ ಕಚೇರಿಗೆ ಸಲ್ಲಿಸತಕ್ಕದ್ದು.

3. ಕಲಿಕಾ ಮೆಟ್ಟಿಲುಗಳ ಮೇಲೆ ಮೂವರು ಮಕ್ಕಳು ಪುಸ್ತಕ ಬಿಚ್ಚಿಕೊಂಡು ಕೂರತಕ್ಕದ್ದು. ಪುಸ್ತಕವು ಸರಿಯಾಗಿ ಮಧ್ಯಕ್ಕೇ ತೆರೆದಿರಬೇಕು. ಪುಟ ತಿರುವಿದರೆ ನಕ್ಷೆಯಿಂದ ವ್ಯತ್ಯಾಸವಾಗುವುದರಿಂದ ಪುಟ ತಿರುವುವಂತಿಲ್ಲ. ನಕ್ಷೆಯ ಪುಸ್ತಕದಲ್ಲಿ ಅಕ್ಷರಗಳು ಕಂಡುಬಂದಿಲ್ಲ. ಆದಕಾರಣ ಓದುವ ಅಗತ್ಯವೂ ಉದ್ಭವಿಸುವುದಿಲ್ಲ.

4. ನಕ್ಷೆಯಲ್ಲಿ ಎಲ್ಲರ ನೆರಳೂ ಬಲಕ್ಕೆ ಬಿದ್ದಿದೆ. ಸ್ಥಳದಲ್ಲಿ ಮಧ್ಯಾಹ್ನದ ನಂತರ ನೆರಳು ಎಡಕ್ಕೆ ಬೀಳುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಇದು ಮೇಲ್ನೋಟಕ್ಕೆ ಸೂರ್ಯನ ಲೋಪವೆಂದು ಕಂಡುಬಂದರೂ, ಸೂರ್ಯನು ಈ ಇಲಾಖೆಯ ವ್ಯಾಪ್ತಿಗೆ ಬಾರದ ಕಾರಣ ಸಂಬಂಧಪಟ್ಟವರಿಗೆ ಬರೆಯಲಾಗಿದೆ. ಉತ್ತರ ಬರುವವರೆಗೆ ಮಧ್ಯಾಹ್ನದ ನಂತರ ಯಾರೂ ಹೊರಗೆ ನೆರಳು ಬೀಳಿಸಬಾರದು.

5. ನಕ್ಷೆಯಲ್ಲಿರುವ ಮರವು ತೆಳುಹಸಿರು ಬಣ್ಣದ್ದಾಗಿದ್ದು, ಅದರ ಮೂಲಕ ಇಡೀ ಕಟ್ಟಡ ಕಾಣುತ್ತದೆ. ಅಂಗಳದಲ್ಲಿರುವ ಮರವಾದರೋ ದಟ್ಟವಾಗಿದ್ದು, ಅದರ ಹಿಂದಿನ ಗೋಡೆ ಒಂದು ಚೂರೂ ಕಾಣುವುದಿಲ್ಲ. ಹೊಸ ತರಗತಿಯಲ್ಲಿ ಕಾವು ತಡೆಯಲಾಗುವುದಿಲ್ಲವೆಂದು ಎರಡನೇ ತರಗತಿಯವರು ಆ ಮರದ ಕೆಳಗೆ ಪಾಠ ಮಾಡಿಸಿಕೊಳ್ಳುತ್ತಿರುವುದು ಇಲಾಖೆಗೆ ಮುಖಭಂಗವಾಗಿದೆ. ಗೋಡೆ ಕಾಣುವವರೆಗೆ ಎಲೆಗಳನ್ನು ಕೀಳತಕ್ಕದ್ದು. ಮರವು ಹೊಸ ಎಲೆ ಬಿಡುವ ಮುನ್ನ ಪೂರ್ವಾನುಮತಿ ಪಡೆಯತಕ್ಕದ್ದು.

6. ಆಕಾಶದಲ್ಲಿ ಮೂರು ಹಕ್ಕಿಗಳಿಗೆ ಅವಕಾಶವಿದೆ. ನಾಲ್ಕನೆಯದು ಬಂದರೆ ಓಡಿಸುವಂತೆ ಶಾಲೆಯ ಜವಾನರಿಗೆ ಈಗಾಗಲೇ ಆದೇಶಿಸಲಾಗಿತ್ತು. "ಎಲ್ಲಾ ಒಂದೇ ಥರ ಇವೆ ಸಾರ್, ನಾಲ್ಕನೇದು ಯಾವ್ದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಎಂದು ಅವರು ಉದ್ಧಟತನದಿಂದ ಉತ್ತರಿಸಿರುತ್ತಾರೆ. ಕೊನೆಗೆ ಬಂದದ್ದೇ ನಾಲ್ಕನೆಯದು ಎಂದು ಸ್ಪಷ್ಟಪಡಿಸಲಾಗಿದೆ.

7. ನಕ್ಷೆಯಲ್ಲಿ ಬಿಡಿಸಿರುವ ಮಕ್ಕಳಿಗೆ ಕಣ್ಣು, ಮೂಗು, ಬಾಯಿಗಳನ್ನು ಒದಗಿಸಿರುವುದಿಲ್ಲ. ಈ ಅಂಶವನ್ನು ಇಲಾಖೆಯು ಒತ್ತಾಯಿಸುವುದಿಲ್ಲ. ಆದರೂ ಗಲಾಟೆ ಮಾಡುವಾಗ, ಪ್ರಶ್ನೆ ಕೇಳುವಾಗ ಹಾಗೂ ಗುಂಪಾಗಿ ನಗುವಾಗ ತಾವು ಅನುಮೋದಿತ ವಿನ್ಯಾಸವನ್ನು ಮೀರುತ್ತಿದ್ದೇವೆ ಎಂಬ ಅರಿವು ಮಕ್ಕಳಿಗಿರಬೇಕು.

8. ನಕ್ಷೆಯಲ್ಲಿ ಶಿಕ್ಷಕರು ಕಂಡುಬಂದಿಲ್ಲ. ಶಿಕ್ಷಕರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ಕಂಬಗಳ ಹಿಂದೆ ನಿಂತು ಕರ್ತವ್ಯ ನಿರ್ವಹಿಸುವುದು. ದಪ್ಪನೆಯ ಶಿಕ್ಷಕರಿಗೆ ಮೂಲೆಯ ಕಂಬಗಳನ್ನು ಹಂಚತಕ್ಕದ್ದು.

9. ಇನ್ನು ಮೂರನೇ ತರಗತಿಯ ವಿದ್ಯಾರ್ಥಿನಿಯ ವಿಷಯ. ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಕಟ್ಟಿಸಿಕೊಡುವಂತೆ ಮುಖ್ಯೋಪಾಧ್ಯಾಯಿನಿಯವರು ಕೇಳುತ್ತಲೇ ಬಂದಿದ್ದಾರೆ. ಈ ಬೇಡಿಕೆಯನ್ನು ಇಲಾಖೆಯು ತೆರೆದ ಮನಸ್ಸಿನಿಂದ ಪರಿಶೀಲಿಸಿದೆ. ನಕ್ಷೆಯಲ್ಲಿ ಇಳಿಜಾರು ಇಲ್ಲ. ಯಾಕಿಲ್ಲವೆಂದರೆ ನಕ್ಷೆಯಲ್ಲಿ ಗಾಲಿಕುರ್ಚಿಯ ಮಗುವಿಲ್ಲ. ಗಾಲಿಕುರ್ಚಿಯ ಮಗು ಯಾಕಿಲ್ಲವೆಂದರೆ, ಇಳಿಜಾರೇ ಇಲ್ಲದ ಕಟ್ಟಡಕ್ಕೆ ಅಂತಹ ಮಗು ಬರುವುದಾದರೂ ಹೇಗೆ? ಇಷ್ಟು ಸರಳವಾದ ವಿಷಯವನ್ನು ತಿಳಿಸಿ ಹೇಳಿದರೂ ಅವರ ತಲೆಗೆ ಹೋಗದಿರುವುದು ವಿಷಾದನೀಯ.

ತಂದೆಯವರು ಖುದ್ದು ಕಚೇರಿಗೆ ಬಂದಾಗ ಅವರನ್ನು ಸೌಜನ್ಯದಿಂದಲೇ ಬಾಗಿಲಲ್ಲಿ ನಿಲ್ಲಿಸಿ ಕೇಳಲಾಯಿತು. ಅವರು ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಸಾರ್, ಅವಳು ದಿನಾ ಬೆಳೀತಾ ಇದ್ದಾಳೆ, ನಾನು ದಿನಾ ಮುದುಕ ಆಗ್ತಾ ಇದ್ದೀನಿ. ಇವತ್ತು ಎತ್ತಿದೆ, ನಾಳೆ ಎತ್ತೋಕಾಗ್ದಿದ್ರೆ ಏನ್ಮಾಡ್ಲಿ? ನಿಮ್ ಬಿಲ್ಡಿಂಗು ಚೆನ್ನಾಗಿದೆ, ಬೇಡ ಅನ್ನಲ್ಲ. ನನ್ ಮಗಳು ಒಳಗೆ ಹೋಗೋಷ್ಟು ದಾರಿ ಬಿಡಿ, ಸಾಕು." ಕಟ್ಟಡ ಚೆನ್ನಾಗಿದೆ ಎಂಬ ಭಾಗವನ್ನು ಸಾರ್ವಜನಿಕ ಅಭಿಪ್ರಾಯಗಳ ಕಡತಕ್ಕೆ ಸೇರಿಸಲಾಗಿದೆ. ಉಳಿದ ಭಾಗಕ್ಕೆ ಸಂಬಂಧಿಸಿದಂತೆ, ಮಗಳನ್ನು ನಕ್ಷೆಯಲ್ಲಿ ಸೇರಿಸಲು ಅರ್ಜಿ ಹಾಕಿಕೊಳ್ಳಬಹುದೆಂದೂ, ಅದಕ್ಕಾಗಿ ಆಕೆಯು ಎರಡನೇ ಮಹಡಿಯಲ್ಲಿರುವ ನಕ್ಷೆ ಶಾಖೆಗೆ ಸ್ವತಃ ಹತ್ತಿ ಬರಬೇಕೆಂದೂ ತಿಳಿಸಲಾಯಿತು. ಅವರು ಸ್ವಲ್ಪ ಹೊತ್ತು ಮೆಟ್ಟಿಲುಗಳನ್ನೇ ನೋಡಿ ಹೊರಟುಹೋದರು. ವಂದನೆ ಹೇಳಲಿಲ್ಲ.

10. ತದನಂತರ ನಡೆದ ಘಟನೆಯು ಇಲಾಖೆಯ ಮನಸ್ಸಿಗೆ ನೋವುಂಟುಮಾಡಿದೆ. ಒಂದು ಬೆಳಿಗ್ಗೆ ತಂದೆಯವರಿಗೆ ಸೊಂಟ ಹಿಡಿದುಕೊಂಡು ಮಗಳನ್ನು ಎತ್ತಲಾಗಲಿಲ್ಲ. ವಿದ್ಯಾರ್ಥಿನಿಯು ಮೆಟ್ಟಿಲ ಕೆಳಗೇ ಉಳಿದಳು. ಇಂತಹ ಸಂದರ್ಭದಲ್ಲಿ ಕೆಳಗೇ ಇದ್ದು ಕಲಿಕಾ ಮೆಟ್ಟಿಲಿನ ಸೌಂದರ್ಯವನ್ನು ಸವಿಯಲು ಉತ್ತಮ ಅವಕಾಶವಿತ್ತು. ಆದರೆ ಆಕೆಯು ಅಳತೊಡಗಿದಳು. ಮೂರನೇ ತರಗತಿಯ ಟೀಚರ್ ಹಾಜರಿ ಕರೆಯುತ್ತಾ ಆಕೆಯ ಹೆಸರು ಬಂದಾಗ, "ಬಂದಿದ್ದೀನಿ ಟೀಚರ್, ಹೊರಗಿದ್ದೀನಿ" ಎಂದು ಕೆಳಗಿನಿಂದ ಕೂಗಿದಳೆಂದು ವರದಿಯಾಗಿದೆ. ಹೊರಗಿರುವವರನ್ನು ಹಾಜರೆಂದು ಬರೆಯಬೇಕೇ, ಗೈರೆಂದು ಬರೆಯಬೇಕೇ ಎಂದು ಇಲಾಖೆಯಿಂದ ಸ್ಪಷ್ಟನೆ ಕೇಳುವುದು ಬಿಟ್ಟು ಟೀಚರ್ ಹಾಜರಿ ಪುಸ್ತಕವನ್ನು ಮುಚ್ಚಿ ಹೊರಗೆ ಬಂದರು. ಅವರ ಹಿಂದೆ ಇಡೀ ತರಗತಿಯೇ ಹೊರಗೆ ಬಂದಿತು.

ಅಲ್ಲಿಂದ ಮುಂದಿನದು ಇನ್ನೂ ಗಂಭೀರ. ಹಳೆಯ ಶಾಲೆಯ ದಪ್ಪ ಮರದ ಕಪ್ಪುಹಲಗೆಯನ್ನು ಅಡುಗೆ ಕೋಣೆಯ ಹಿಂಭಾಗದಲ್ಲಿ ಬಿಸಾಡಲಾಗಿತ್ತು. ಸದರಿ ತರಗತಿಯ ಮಕ್ಕಳು ಅದನ್ನು ಹೊತ್ತು ತಂದು, "ಹುಷಾರು ಕಣೋ, ಬೆರಳು!" "ನಿನ್ ಕಡೆ ಎತ್ತೇ!" ಎಂದು ಕಿರುಚಾಡುತ್ತಾ ಕಲಿಕಾ ಮೆಟ್ಟಿಲುಗಳ ಮೇಲೆ ಓರೆಯಾಗಿ ಹಾಸಿದರು. ಪುಸ್ತಕ ಬಿಚ್ಚಿಕೊಂಡು ಕೂತಿದ್ದ ನಕ್ಷೆಯ ಮಕ್ಕಳು ಮೂವರೂ ಪುಸ್ತಕ ಮುಚ್ಚಿಟ್ಟು ಕೈಜೋಡಿಸಿದ್ದು ಶಿಸ್ತಿನ ಉಲ್ಲಂಘನೆಯಾಗಿದೆ. ಟೀಚರ್ ಹಲಗೆಯನ್ನು ಹಿಡಿದುಕೊಂಡರು, ನಾಲ್ವರು ಹಿಂದಿನಿಂದ ತಳ್ಳಿದರು, ಕುರ್ಚಿ ಮೇಲೆ ಹೋಯಿತು. ಅಂದು ಆ ಹುಡುಗಿಯು ತಾನಾಗಿ ಕೇಳಿ ಎರಡು ಲೋಟ ನೀರು ಕುಡಿದಳೆಂದು ಅಡುಗೆಯವರು ಹೇಳಿಕೆ ನೀಡಿದ್ದಾರೆ. ಬರೆಯಲೆಂದು ಇರುವ ಕಪ್ಪುಹಲಗೆಯನ್ನು ಶಾಲೆಯೊಳಗೆ ಹೋಗಲು ಬಳಸಿದ್ದೇಕೆಂದು ಕಾರಣ ಕೇಳಿ ಟೀಚರಿಗೆ ನೋಟೀಸು ನೀಡಲಾಗಿತ್ತು. "ಬೇರೇನೂ ಇರ್ಲಿಲ್ಲ" ಎಂಬ ಅವರ ಉತ್ತರವು ಅಪೂರ್ಣವಾಗಿರುತ್ತದೆ.

11. ಕಪ್ಪುಹಲಗೆಯನ್ನು ತೆಗೆಸಲು ಆದೇಶ ಸಿದ್ಧವಾಗುತ್ತಿದ್ದಾಗಲೇ, 'ಅತ್ಯುತ್ತಮ ಕಲಿಕಾ ಪರಿಸರ' ಪ್ರಶಸ್ತಿಯ ತೀರ್ಪುಗಾರರು ಮುನ್ಸೂಚನೆಯಿಲ್ಲದೆ ಶಾಲೆಗೆ ಭೇಟಿ ನೀಡಿದರು. ಬಲೂನು ಸಿದ್ಧವಿರಲಿಲ್ಲ. ಹಕ್ಕಿಗಳು ಲೆಕ್ಕ ಮೀರಿದ್ದವು. ಇಲಾಖೆಯ ಮಾನ ಹೋಯಿತೆಂದೇ ಭಾವಿಸಲಾಗಿತ್ತು. ಆದರೆ ತೀರ್ಪುಗಾರರು ಬೇರೇನನ್ನೂ ನೋಡದೆ, ಆ ಹುಡುಗಿಯನ್ನು ಮಕ್ಕಳು ಹಲಗೆಯ ಮೇಲೆ ತಳ್ಳಿಕೊಂಡು ಹೋಗುವುದನ್ನು ನೋಡುತ್ತಾ ನಿಂತರು, ಫೋಟೋ ತೆಗೆದರು. ತಂಡದ ಹಿರಿಯ ಸದಸ್ಯೆಯವರು, "ಈ ಕಟ್ಟಡದಲ್ಲಿ ಯಾರೋ ಒಬ್ರು ಮಕ್ಕಳ ಬಗ್ಗೆ ಯೋಚ್ನೆ ಮಾಡಿರೋದು ಇದೊಂದೇ ಜಾಗದಲ್ಲಿ" ಎಂದರು. ಈ ಪ್ರಶಂಸೆಯನ್ನು ಇಲಾಖೆಯು ವಿನಮ್ರವಾಗಿ ಸ್ವೀಕರಿಸಿದೆ. ಅದರೊಂದಿಗೆ ದೊರೆತ ಪ್ರಶಸ್ತಿ ಫಲಕವನ್ನು ನಿರ್ದೇಶಕರ ಕೊಠಡಿಯಲ್ಲಿ, ಅನುಮೋದಿತ ನಕ್ಷೆಯ ಪಕ್ಕದಲ್ಲಿ ತೂಗುಹಾಕಲಾಗಿದೆ.

12. ಆದಕಾರಣ ಇಲಾಖೆಯು ತನ್ನ ನಿಲುವನ್ನು ಮರುಪರಿಶೀಲಿಸಿ, ಸದರಿ ವಿದ್ಯಾರ್ಥಿನಿಯ ಪರವಾಗಿ ಉದಾರವಾದ ತೀರ್ಮಾನ ಕೈಗೊಂಡಿದೆ. ಇಂದಿನಿಂದ ತೀರ್ಪುಗಾರರು ತೆಗೆದ ಫೋಟೋವೇ ಅನುಮೋದಿತ ನಕ್ಷೆಯಾಗಿರುತ್ತದೆ. ಅದರ ಪ್ರಕಾರ:

(ಅ) ಕಪ್ಪುಹಲಗೆಯನ್ನು ಇಲಾಖೆಯೇ ವಿನ್ಯಾಸಗೊಳಿಸಿದ ಇಳಿಜಾರು ಎಂದು ಘೋಷಿಸಲಾಗಿದೆ. ಅದರ ಮೇಲೆ ಉಳಿದಿರುವ ಎರಡರ ಮಗ್ಗಿಯನ್ನು ಅಲಂಕಾರವೆಂದು ಪರಿಗಣಿಸತಕ್ಕದ್ದು.

(ಆ) ಫೋಟೋದಲ್ಲಿ ಗಾಲಿಕುರ್ಚಿಯು ಹಲಗೆಯ ಸರಿಯಾಗಿ ನಡುಭಾಗದಲ್ಲಿದೆ. ಆದ್ದರಿಂದ ಶಾಲಾ ಅವಧಿಯುದ್ದಕ್ಕೂ ವಿದ್ಯಾರ್ಥಿನಿಯು ಹಲಗೆಯ ನಡುಭಾಗದಲ್ಲೇ ಇರತಕ್ಕದ್ದು. ಮೇಲೆ ಹೋದರೂ ಕೆಳಗೆ ಬಂದರೂ ವ್ಯತ್ಯಾಸವೆಂದು ದಾಖಲಿಸಲಾಗುವುದು.

(ಇ) ಹಿಂದಿನಿಂದ ತಳ್ಳುತ್ತಿರುವ ನಾಲ್ವರು ತಳ್ಳುತ್ತಲೇ ಇರಬೇಕು; ಕುರ್ಚಿ ಮುಂದೆ ಹೋಗಬಾರದು. ಈ ಎರಡನ್ನೂ ಹೊಂದಿಸುವುದು ಹೇಗೆಂದು ವಿಜ್ಞಾನದ ಶಿಕ್ಷಕರು ಮಕ್ಕಳಿಗೆ ತಿಳಿಸಿಕೊಡುವುದು.

(ಈ) ಫೋಟೋದಲ್ಲಿ ಆಕೆಯು ಬಾಯ್ತುಂಬ ನಗುತ್ತಿದ್ದಾಳೆ. ನಗುವನ್ನು ಅದೇ ಅಳತೆಯಲ್ಲಿ ಕಾಯ್ದುಕೊಳ್ಳತಕ್ಕದ್ದು.

(ಉ) ಹೀಗೆ ಆಕೆಯ ಶಾಲಾ ಪ್ರವೇಶದ ಸಮಸ್ಯೆಗೆ ಶಾಶ್ವತ ಪರಿಹಾರ ದೊರೆತಂತಾಗಿದೆ. ತರಗತಿಯ ಒಳಗೆ ಹೋಗುವ ಅವಶ್ಯಕತೆಯೇ ಇನ್ನು ಮುಂದೆ ಆಕೆಗೆ ಇರುವುದಿಲ್ಲ.

13. ಮೇಲಿನ ತೀರ್ಮಾನವನ್ನು ಕೇಳಿ ತಂದೆಯವರು, ಸೊಂಟ ಇನ್ನೂ ನೆಟ್ಟಗಾಗದಿದ್ದರೂ, ಮತ್ತೊಮ್ಮೆ ಕಚೇರಿಗೆ ಬಂದಿದ್ದರು. "ಅವಳು ಒಳಗೆ ಕೂತು ನಾಲ್ಕಕ್ಷರ ಕಲೀಲಿ ಅಂತ ತಾನೇ ಸಾರ್ ಇಷ್ಟೆಲ್ಲ ಒದ್ದಾಡಿದ್ದು? ಬಾಗಿಲಲ್ಲಿ ನಿಲ್ಸೋಕೆ ನಿಮ್ ಬಿಲ್ಡಿಂಗ್ ಯಾಕೆ ಬೇಕು? ನನ್ ಅಂಗಡಿ ಮುಂದೇನೇ ನಿಲ್ಲಿಸ್ಕೋತಿದ್ದೆ" ಎಂದರು. ಪ್ರಶಸ್ತಿ ತಂದುಕೊಟ್ಟ ವಿದ್ಯಾರ್ಥಿನಿಯ ತಂದೆಯೆಂಬ ಕಾರಣಕ್ಕೆ ಇಲಾಖೆಯು ಈ ಮಾತನ್ನು ಹೊಟ್ಟೆಗೆ ಹಾಕಿಕೊಂಡಿದೆ. ಆ ದಿನ ಕಚೇರಿಯ ಗುಮಾಸ್ತೆಯೊಬ್ಬರು ಎದ್ದು ಅವರಿಗೆ ತಮ್ಮ ಕುರ್ಚಿಯನ್ನು ಕೊಟ್ಟಿದ್ದು ಯಾಕೆಂದು ವಿಚಾರಣೆ ನಡೆಯುತ್ತಿದೆ.

14. ಈ ಸುತ್ತೋಲೆಯನ್ನು ಪ್ರತಿ ತರಗತಿಯಲ್ಲಿ ಓದಿ ಹೇಳತಕ್ಕದ್ದು. ಮಕ್ಕಳು ನಕ್ಕಲ್ಲಿ ನಕ್ಕವರ ಹೆಸರುಗಳನ್ನು, ಟೀಚರ್ ನಕ್ಕಲ್ಲಿ ಅವರ ಕಂಬದ ಸಂಖ್ಯೆಯನ್ನು ವರದಿ ಮಾಡತಕ್ಕದ್ದು.

(ನಿರ್ದೇಶಕರ ಅನುಮೋದನೆಯೊಂದಿಗೆ, ಅವರು ಫೋಟೋವನ್ನು ಮಾತ್ರ ನೋಡಿರುತ್ತಾರೆ)

ಸಹಿ/-
ಉಪ ನಿರ್ದೇಶಕರು
ಅಂದಗೊಳಿಸುವ ವಿಭಾಗ
(ಸದರಿ ಶಾಲೆಯನ್ನು ನಕ್ಷೆಯಲ್ಲಿ ಹಲವು ಬಾರಿ ಕಂಡವರು)

ಪ್ರತಿಗಳು:

1. ಮುಖ್ಯೋಪಾಧ್ಯಾಯಿನಿಯವರಿಗೆ, ಚಾಚೂತಪ್ಪದೆ ಪಾಲಿಸಲು.

2. ನಕ್ಷೆಗಾರರಿಗೆ, ಇನ್ನು ಮುಂದೆ ಶಾಲೆಗಳ ನಕ್ಷೆಯಲ್ಲಿ ಮಕ್ಕಳನ್ನು ಹಾಕಿ ಇಲಾಖೆಯನ್ನು ತೊಂದರೆಗೆ ಸಿಲುಕಿಸದಿರುವಂತೆ, ಕಾರುಗಳನ್ನು ಹಾಕಬಹುದು.

3. ಬಸ್ ನಿಲ್ದಾಣದ ವ್ಯವಸ್ಥಾಪಕರಿಗೆ, ಹಿಂದಿನ ಪತ್ರಕ್ಕೆ ಉತ್ತರ ಬಾರದಿರುವ ಬಗ್ಗೆ ನೆನಪಿಸಲು.

4. ಸೂರ್ಯನ ಮೇಲುಸ್ತುವಾರಿ ಇಲಾಖೆಗೆ, ಅಂತಹದೊಂದು ಇದ್ದಲ್ಲಿ.

5. ತಂದೆಯವರಿಗೆ, ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಲು.

6. ಮೂರನೇ ತರಗತಿಯ ಸದರಿ ವಿದ್ಯಾರ್ಥಿನಿಗೆ, ಮುಂಗಡ ಪ್ರತಿ, ಕೈಯಾರೆ ತಲುಪಿಸಲು. ಇದನ್ನು ಕೊಂಡೊಯ್ದ ನೌಕರರು ಈಗಷ್ಟೇ ಫೋನಿನಲ್ಲಿ ತಿಳಿಸಿರುವಂತೆ, ಸದರಿಯವಳು ಹಲಗೆಯ ನಡುಭಾಗದಲ್ಲಿ ಸಿಕ್ಕಿರುವುದಿಲ್ಲ. ತರಗತಿಯ ಒಳಗೆ, ಮುಂದಿನ ಸಾಲಿನಲ್ಲಿ, ಮಗ್ಗಿ ಒಪ್ಪಿಸುತ್ತಿದ್ದಳು. ಹೊರಗೆ ಕಳುಹಿಸುವಂತೆ ಕೇಳಿದ್ದಕ್ಕೆ ಟೀಚರ್, "ಪಾಠ ನಡೀತಾ ಇದೆ, ಹೊರಗೆ ಕಾಯಿರಿ" ಎಂದು ಬಾಗಿಲು ಮುಂದೆ ಮಾಡಿಕೊಂಡಿದ್ದಾರೆ. ನೌಕರರು ಹೊರಗೆ ಕಾಯುತ್ತಿದ್ದಾರೆ.